‘ಪಡಲ್’: ಕೆಸರಿನಲ್ಲಿ ಹುಟ್ಟಿದ ಪದ

ಮಳೆ ಬಿಟ್ಟ ಮೇಲೆ ರಸ್ತೆಯ ಕುಳಿಯಲ್ಲೋ ಅಂಗಳದ ತಗ್ಗಿನಲ್ಲೋ ನಿಂತುಬಿಡುವ ಒಂದಿಷ್ಟು ನೀರನ್ನು ಇಂಗ್ಲಿಷಿನಲ್ಲಿ ‘ಪಡಲ್’ ಎನ್ನುತ್ತಾರೆ. ಅದು ಕಾಲು ತೋಯುವಷ್ಟಿರಬೇಕು, ಈಜುವಷ್ಟಿರಬಾರದು. ಎಲ್ಲಿಗೂ ಹರಿದು ಹೋಗಬಾರದು. ಬಿಸಿಲು ಬಿದ್ದರೆ ಆರಿಹೋಗಬೇಕು. ಇಷ್ಟರ ಮೇಲೆ ನಿಘಂಟುಗಳು ಇನ್ನೊಂದು ಲಕ್ಷಣವನ್ನೂ ಹೇಳುತ್ತವೆ: ನೀರು ಸಾಮಾನ್ಯವಾಗಿ ಕೊಳೆಯಾಗಿರುತ್ತದೆ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಹೊರತಂದ ನಿಘಂಟು ಈ ಪದಕ್ಕೆ ಕೆಸರು ತುಂಬಿದ ಪುಟ್ಟ ಸರೋವರ ಎಂಬಂಥ ಅರ್ಥ ಕೊಟ್ಟಿತ್ತು. ರಸ್ತೆಗುಂಡಿಯ ನೀರಿಗೆ ಸರೋವರದ ಪದವಿ ಸಿಕ್ಕಿದ್ದು ಈಗ ತಮಾಷೆಯಾಗಿ ಕಾಣಬಹುದು. ಆದರೆ ಹಿಂದೆ ಈ ಪದಕ್ಕೆ ಗಾತ್ರದ ಕಟ್ಟುಪಾಡು ಅಷ್ಟು ಬಿಗಿಯಾಗಿರಲಿಲ್ಲ. ಕೊಳಗಳನ್ನೂ ಹೊಂಡಗಳನ್ನೂ ಇದೇ ಹೆಸರಿನಿಂದ ಕರೆದದ್ದುಂಟು. ಈಗ ನೆಲದ ಮೇಲೆ ಚೆಲ್ಲಿದ ಹಾಲು, ಎಂಜಿನ್ನಿನಿಂದ ಸೋರಿದ ಎಣ್ಣೆ, ನಾಯಿಮರಿ ಜಮಖಾನೆಯ ಮೇಲೆ ಮಾಡಿದ ಗಲೀಜು ಎಲ್ಲವೂ ‘ಪಡಲ್’ ಎನಿಸಿಕೊಳ್ಳುತ್ತವೆ.

ನಿಂತ ನೀರಿಗೆ ಇಂಗ್ಲಿಷಿನಲ್ಲಿ ಹೆಸರುಗಳಿಗೇನೂ ಬರವಿಲ್ಲ. ಅದರಲ್ಲಿ ‘ಪೂಲ್’ ಹಳೆಯ ಜರ್ಮಾನಿಕ್ ಪದ, ಜರ್ಮನ್ ಮತ್ತು ಡಚ್ ಭಾಷೆಗಳಲ್ಲೂ ಅದರ ಒಡಹುಟ್ಟುಗಳಿವೆ. ‘ಪಾಂಡ್’ ಮಾತ್ರ ನೀರಿನಿಂದ ಹುಟ್ಟಿದ್ದಲ್ಲ. ಅಡ್ಡಗಟ್ಟಿ ಕೂಡಿಹಾಕುವ ಜಾಗಕ್ಕಿದ್ದ ‘ಪೌಂಡ್’ ಎಂಬ ಪದವೇ ಉಚ್ಚಾರದಲ್ಲಿ ಸರಿದು ಹಾಗಾಯಿತು. ಬೀಡಾಡಿ ದನಗಳನ್ನು ಹಿಡಿದು ಕಟ್ಟುತ್ತಿದ್ದ ದೊಡ್ಡಿಗೆ ಬ್ರಿಟಿಷರ ಕಾಲದ ಕಡತಗಳಲ್ಲಿ ಇದ್ದ ಹೆಸರೂ ಅದೇ ‘ಪೌಂಡ್’. ದನವನ್ನು ಕೂಡಿಹಾಕಿದರೆ ದೊಡ್ಡಿ, ನೀರನ್ನು ಕೂಡಿಹಾಕಿದರೆ ಕೊಳ. ‘ಪಡಲ್’ ನೀರನ್ನು ಯಾರೂ ಕೂಡಿಹಾಕುವುದಿಲ್ಲ, ಅದು ತಾನಾಗಿ ನಿಲ್ಲುತ್ತದೆ. ಕನ್ನಡದ ಹೊಂಡಕ್ಕಿಂತ ಕೊಚ್ಚೆ ಅದಕ್ಕೆ ಹತ್ತಿರ.

ಪದದ ಮೂಲವೂ ನೀರಿನದಲ್ಲ, ನೆಲದ್ದು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆಲ್ಲುವುದಕ್ಕೆ ಮುಂಚಿನ ಹಳೆಯ ಇಂಗ್ಲಿಷಿನಲ್ಲಿ ‘ಪಡ್’ ಎಂದರೆ ತೋಡು, ಹೊಲದ ನೇಗಿಲ ಸಾಲು. ಅದಕ್ಕೆ ಚಿಕ್ಕದೆಂಬ ಅರ್ಥದ ‘ಎಲ್’ ಪ್ರತ್ಯಯ ಸೇರಿ, 14ನೇ ಶತಮಾನದ ಬರಹಗಳಲ್ಲಿ ‘ಪೊಡೆಲ್’, ‘ಪುಡೆಲ್’ ಮುಂತಾದ ರೂಪಗಳು ಕಾಣಿಸಿಕೊಳ್ಳುತ್ತವೆ. ಈ ಪ್ರತ್ಯಯ ಇನ್ನೂ ಹಲವು ಪದಗಳಲ್ಲಿ ಗುರುತು ಸಿಗದಂತೆ ಅಡಗಿದೆ. ಮೂಗಿನ ‘ನೋಸ್’ಗೆ ಅದು ಸೇರಿದಾಗ ಕೊಳವೆಯ ಮೂತಿಯಾದ ‘ನಾಝಲ್’ ಬಂತು, ಧಾನ್ಯದ ‘ಕಾರ್ನ್’ಗೆ ಸೇರಿದಾಗ ತಿರುಳಿನ ಕಾಳಾದ ‘ಕರ್ನಲ್’ ಬಂತು. ಅಂದರೆ ‘ಪಡಲ್’ ಎನ್ನುವುದು ಅಕ್ಷರಶಃ ಪುಟ್ಟ ತೋಡು. ತೋಡಿನಲ್ಲಿ ನೀರು ನಿಲ್ಲುವುದು ಸಹಜ. ಕಾಲಕ್ರಮೇಣ ತೋಡು ಮರೆತುಹೋಗಿ ನೀರಿನ ಅರ್ಥ ಉಳಿಯಿತು. ಆದರೂ ಮಣ್ಣಿನ ನಂಟು ಪೂರ್ತಿ ಕಡಿದುಹೋಗಲಿಲ್ಲ. ಈ ಪದ ಮುಂದೆ ಹಿಡಿದ ದಾರಿಗಳಲ್ಲೆಲ್ಲ ನೀರಿಗಿಂತ ಹೆಚ್ಚಾಗಿ ಕೆಸರೇ ಮೆತ್ತಿಕೊಂಡಿದೆ.

ಜರ್ಮನ್ನಿನ ಕಡೆಯ ನೆಂಟರಲ್ಲಿ ಒಬ್ಬನನ್ನು ಎಲ್ಲರೂ ಬಲ್ಲರು. ಅಲ್ಲಿನ ಆಡುಮಾತುಗಳಲ್ಲಿ ‘ಪೂಡೆಲ್’ ಎಂದರೆ ಕೊಚ್ಚೆನೀರು, ‘ಪೂಡೆಲ್ನ್’ ಎಂದರೆ ನೀರು ಎರಚಾಡುವುದು. ಬಾತುಕೋಳಿ ಬೇಟೆಯಲ್ಲಿ ಗುಂಡು ತಗುಲಿ ನೀರಿಗೆ ಬಿದ್ದ ಹಕ್ಕಿಯನ್ನು ಈಜಿ ಕಚ್ಚಿ ತರುತ್ತಿದ್ದ ಗುಂಗುರು ಕೂದಲಿನ ನಾಯಿಗೆ ‘ಪೂಡೆಲ್‌ಹುಂಟ್’, ಎಂದರೆ ನೀರೆರಚುವ ನಾಯಿ, ಎಂಬ ಹೆಸರು ಬಿತ್ತು. ಅದನ್ನೇ ಮೊಟಕುಗೊಳಿಸಿ ಇಂಗ್ಲಿಷರು 19ನೇ ಶತಮಾನದ ಆರಂಭದಲ್ಲಿ ‘ಪೂಡಲ್’ ಎಂದರು. ಫ್ರೆಂಚರು ಇದೇ ನಾಯಿಯನ್ನು ಬಾತುಕೋಳಿಯ ಹೆಸರು ಹಚ್ಚಿ ‘ಕನೀಶ್’ ಎಂದು ಕರೆಯುತ್ತಾರೆ. ಇಂದು ಶ್ರೀಮಂತರ ಮನೆಯ ಸೋಫಾ ಮೇಲೆ ಕೂರುವ ಈ ತಳಿಯ ವಿಚಿತ್ರ ಕ್ಷೌರವೂ ಮೂಲದಲ್ಲಿ ಶೋಕಿಯಲ್ಲ: ಈಜಲು ಅಡ್ಡಿಯಾಗದಂತೆ ಮೈಕೂದಲು ಕತ್ತರಿಸಿ, ತಣ್ಣೀರಿನಲ್ಲಿ ಎದೆ ಮತ್ತು ಕೀಲುಗಳು ಬೆಚ್ಚಗಿರಲಿ ಎಂದು ಅಲ್ಲಲ್ಲಿ ಉಳಿಸುತ್ತಿದ್ದರು. ಮಳೆಯಲ್ಲಿ ತೊಪ್ಪೆಯಾಗಿ ಬಂದವನನ್ನು ಜರ್ಮನ್ನರು ಈಗಲೂ ಪೂಡಲ್‌ನಂತೆ ನೆನೆದವನೆನ್ನುತ್ತಾರೆ.

ಇಂಗ್ಲೆಂಡಿನೊಳಗೆ ‘ಪಡಲ್’ ಪದಕ್ಕೆ ಪ್ರತಿಸ್ಪರ್ಧಿಗಳಿದ್ದವು. ಹಳೆಯ ಇಂಗ್ಲಿಷಿನಿಂದಲೇ ಬಂದ ‘ಪ್ಲ್ಯಾಶ್’ ಅವುಗಳಲ್ಲಿ ಮುಖ್ಯವಾದದ್ದು. ಕಾಲಿಟ್ಟಾಗ ನೀರು ಮಾಡುವ ಸದ್ದೇ ಅದರ ಮೂಲವಿರಬೇಕು. ಮೊದಲನೇ ಎಲಿಜಬೆತ್ ರಾಣಿ ಕೊಚ್ಚೆ ದಾಟಲು ಹಿಂಜರಿದಾಗ ಆಸ್ಥಾನಿಕ ವಾಲ್ಟರ್ ರ್‍ಯಾಲಿ ತನ್ನ ಹೊಸ ಮೇಲಂಗಿಯನ್ನೇ ಹಾಸಿದನೆಂಬ ಕಥೆಯಲ್ಲಿ ಇರುವುದು ಈ ಪದ. 1662ರಲ್ಲಿ ಅಚ್ಚಾದ ಥಾಮಸ್ ಫುಲ್ಲರ್‌ನ ಗ್ರಂಥದಲ್ಲಿ ಆ ಜಾಗವನ್ನು ‘ಪ್ಲ್ಯಾಶ್’ನಿಂದಲೇ ಬಣ್ಣಿಸಲಾಗಿದೆ. ಅಷ್ಟು ಹೊತ್ತಿಗೆ ರಾಣಿಯೂ ರ್‍ಯಾಲಿಯೂ ತೀರಿಕೊಂಡು ದಶಕಗಳೇ ಆಗಿದ್ದವು, ಕಥೆಯನ್ನು ಇತಿಹಾಸಕಾರರು ನಂಬುವುದಿಲ್ಲ. ಮುಂದೆ ಅದನ್ನು ಶಾಲಾ ಪುಸ್ತಕಗಳಿಗಾಗಿ ಮತ್ತೆ ಮತ್ತೆ ಬರೆದವರು ‘ಪ್ಲ್ಯಾಶ್’ ತೆಗೆದು ‘ಪಡಲ್’ ಹಾಕಿದರು. ಸ್ಕಾಟ್ಲೆಂಡಿನಲ್ಲಿ ‘ಡಬ್’ ಎಂಬ ಇನ್ನೊಂದು ಪದ ಬಳಕೆಯಲ್ಲಿದೆ. ಅಮೆರಿಕದ ದಕ್ಷಿಣ ರಾಜ್ಯಗಳದು ಇನ್ನೂ ಸ್ವಾರಸ್ಯದ ಕಥೆ: ಹಡಗಿನ ನಾವಿಕರು ಕುಡಿಯುತ್ತಿದ್ದ ಗಟ್ಟಿ ಗಂಜಿಗೆ ‘ಲಾಬ್‌ಲಾಲಿ’ ಎಂಬ ಹೆಸರಿತ್ತು. ಅಮೆರಿಕಕ್ಕೆ ಬಂದ ಮೇಲೆ ಅದು ಕೆಸರುಗುಂಡಿಯ ಹೆಸರಾಯಿತು, ಕೊನೆಗೆ ಅಂಥ ಜೌಗು ನೆಲದಲ್ಲಿ ಬೆಳೆಯುವ ‘ಲಾಬ್‌ಲಾಲಿ ಪೈನ್’ ಮರಕ್ಕೂ ಅಂಟಿಕೊಂಡಿತು.

ಊರು ಕೇರಿಗಳ ಹೆಸರಿನಲ್ಲೂ ‘ಪಡಲ್’ ಇದೆ, ಆದರೆ ಎಲ್ಲವೂ ನಂಬತಕ್ಕದ್ದಲ್ಲ. ಲಂಡನ್ನಿನ ಬ್ಲ್ಯಾಕ್‌ಫ್ರೈಯರ್ಸ್ ಬಳಿ ಥೇಮ್ಸ್ ದಂಡೆಯಲ್ಲಿದ್ದ ‘ಪಡಲ್ ಡಾಕ್’ ಎಂಬ ದೋಣಿಕಟ್ಟೆಯ ಹೆಸರಿಗೆ 1598ರಲ್ಲೇ ಚರಿತ್ರಕಾರ ಜಾನ್ ಸ್ಟೋ ಎರಡು ಕಾರಣ ಕೊಟ್ಟಿದ್ದ. ಅಲ್ಲಿ ಪಡಲ್ ಎಂಬ ಹೆಸರಿನವನೊಬ್ಬ ಕಟ್ಟೆ ನಡೆಸುತ್ತಿದ್ದನೆಂಬುದು ಒಂದು, ನೀರು ಕುಡಿಯಲು ತಂದ ಕುದುರೆಗಳು ತುಳಿದು ಜಾಗವನ್ನು ರಾಡಿಮಾಡುತ್ತಿದ್ದವೆಂಬುದು ಇನ್ನೊಂದು.

ನೈಋತ್ಯ ಇಂಗ್ಲೆಂಡಿನ ಡಾರ್ಸೆಟ್‌ನಲ್ಲಂತೂ ಇಡೀ ಒಂದು ಕಣಿವೆಯ ಊರುಗಳು ಈ ಪದವನ್ನು ಹೊತ್ತಿವೆ: ಪಡಲ್‌ಟೌನ್, ಟಾಲ್‌ಪಡಲ್, ಅಫ್‌ಪಡಲ್, ಬ್ರಯಂಟ್ಸ್‌ಪಡಲ್. ಟಾಲ್‌ಪಡಲ್ ಕಾರ್ಮಿಕ ಚಳವಳಿಯ ಇತಿಹಾಸದಲ್ಲಿ ದೊಡ್ಡ ಹೆಸರು. ಕೂಲಿ ಕಡಿತದ ವಿರುದ್ಧ ಸಂಘ ಕಟ್ಟಿ, ಗುಟ್ಟಾಗಿ ಪ್ರಮಾಣ ಮಾಡಿಸಿದ ಆರೋಪದ ಮೇಲೆ ಜಾರ್ಜ್ ಲವ್‌ಲೆಸ್ ಸೇರಿ ಆ ಊರಿನ ಆರು ಜನ ಕೃಷಿಕಾರ್ಮಿಕರಿಗೆ 1834ರಲ್ಲಿ ಏಳು ವರ್ಷಗಳ ಗಡೀಪಾರು ಶಿಕ್ಷೆಯಾಯಿತು. ಅವರನ್ನು ಆಸ್ಟ್ರೇಲಿಯಾಕ್ಕೆ ಸಾಗಿಸಿದರು, ಜನರ ಪ್ರತಿಭಟನೆಗೆ ಮಣಿದು 1836ರಲ್ಲಿ ಕ್ಷಮಾದಾನ ಕೊಟ್ಟರು. ಆದರೆ ಟಾಲ್‌ಪಡಲ್‌ನ ‘ಪಡಲ್’ ಕೊಚ್ಚೆಗುಂಡಿಯಲ್ಲ. ಕಣಿವೆಯಲ್ಲಿ ಹರಿಯುವ ನದಿಯ ಹೆಸರು ಪಿಡಲ್. ಜೌಗು ನೆಲವೆಂಬ ಅರ್ಥದ ಹಳೆಯ ಪದವೊಂದು ಅದರ ಮೂಲ. 11ನೇ ಶತಮಾನದಲ್ಲಿ ಆ ಭೂಮಿಯ ಒಡತಿಯಾಗಿದ್ದ ಟೋಲಾ ಎಂಬ ವಿಧವೆಯ ಹೆಸರಿಗೆ ನದಿಯ ಹೆಸರು ಕೂಡಿ ಟಾಲ್‌ಪಡಲ್ ಆಯಿತು. 18ನೇ ಶತಮಾನದ ಹೊತ್ತಿಗೆ ‘ಪಿಡಲ್’ ಎಂದರೆ ಉಚ್ಚೆ ಹೊಯ್ಯುವುದು ಎಂಬ ಮಕ್ಕಳ ಮಾತೊಂದು ಇಂಗ್ಲಿಷಿನಲ್ಲಿ ಹಬ್ಬಿತು. ಸಭ್ಯರಿಗೆ ಊರ ಹೆಸರು ಹೇಳಲು ಮುಜುಗರ. ಪಿಡಲ್‌ಟೌನ್ ಎಂಬ ಊರು ಪಡಲ್‌ಟೌನ್ ಆಗಿ 1950ರ ದಶಕದಲ್ಲಿ ಅಧಿಕೃತವಾಗಿಯೂ ಹಾಗೇ ನಿಂತಿತು. ಅದೇ ಕಣಿವೆಯ ಪಿಡಲ್‌ಹಿಂಟನ್ ಮತ್ತು ಪಿಡಲ್‌ಟ್ರೆಂಥೈಡ್ ಮಾತ್ರ ಇಂದಿಗೂ ಹೆಸರು ಬದಲಿಸದೆ ಉಳಿದಿವೆ.

ಕರ್ನಾಟಕದ ಇಂಗ್ಲಿಷ್ ಮಾಧ್ಯಮದ ಶಿಶುವಿಹಾರಗಳಲ್ಲಿ ಮಕ್ಕಳು ಹಾಡುವ ಡಾಕ್ಟರ್ ಫಾಸ್ಟರ್‌ನ ಪದ್ಯದಲ್ಲಿ ಇದೇ ಗೊಂದಲದ ಇನ್ನೊಂದು ಮುಖವಿದೆ. ಮಳೆಯಲ್ಲಿ ಗ್ಲಾಸ್ಟರ್ ಪಟ್ಟಣಕ್ಕೆ ಹೋದ ಡಾಕ್ಟರು ಸೊಂಟದವರೆಗೆ ಕೊಚ್ಚೆಯಲ್ಲಿ ಮುಳುಗಿ, ಮತ್ತೆಂದೂ ಆ ಕಡೆ ಸುಳಿಯಲಿಲ್ಲ. ಈಗಿನ ರೂಪದ ಪದ್ಯ ಅಚ್ಚಾದದ್ದು 1844ರಲ್ಲಿ. ಅಲ್ಲಿ ‘ಪಡಲ್’ಗೆ ಪ್ರಾಸವಾಗಿ ಬರುವುದು ನಡುವೆಂಬ ಅರ್ಥದ ‘ಮಿಡಲ್’. ಮಿಕ್ಕ ಸಾಲುಗಳ ಪ್ರಾಸ ಸರಿಯಾಗಿದ್ದರೂ ಇದು ಮಾತ್ರ ಕಿವಿಗೆ ಕೂರುವುದಿಲ್ಲ. ಮೂಲದಲ್ಲಿ ತೊರೆಯೆಂಬ ಅರ್ಥದ ‘ಪಿಡಲ್’ ಇದ್ದು, ಯಾರೋ ಮಡಿವಂತರು ಅದನ್ನು ತಿದ್ದಿರಬೇಕೆಂಬುದು ವಿದ್ವಾಂಸರ ಊಹೆ. ಸೊಂಟದಷ್ಟು ಆಳ ಇರುವುದು ತೊರೆಯಲ್ಲೇ ಹೊರತು ರಸ್ತೆಗುಂಡಿಯಲ್ಲಲ್ಲವಾದ್ದರಿಂದ ಊಹೆಗೆ ಬಲವಿದೆ.

ಸಾಹಿತ್ಯದಲ್ಲಿ ಈ ಪದ ಬಂದಾಗಲೆಲ್ಲ ಕೀಳುತನದ ವಾಸನೆ ಹೊತ್ತೇ ಬರುತ್ತದೆ. ಷೇಕ್ಸ್‌ಪಿಯರನ ‘ಆಂಟನಿ ಮತ್ತು ಕ್ಲಿಯೋಪಾತ್ರ’ದಲ್ಲಿ ಸೀಸರ್ ಆಂಟನಿಯ ಹಿಂದಿನ ಗಟ್ಟಿತನವನ್ನು ಹೊಗಳುವುದು, ಪ್ರಾಣಿಗಳೂ ಮೂಸದ ಕೊಚ್ಚೆನೀರನ್ನು ಅವನು ಕುಡಿದು ಬದುಕಿದ್ದನ್ನು ನೆನೆಸಿಕೊಂಡು. ‘ಒಥೆಲೋ’ದಲ್ಲಿ ಡೆಸ್ಡಿಮೋನ ತನ್ನ ಗಂಡನ ತಿಳಿಮನಸ್ಸನ್ನು ರಾಜಕಾರ್ಯ ಯಾವುದೋ ಕದಡಿರಬೇಕೆಂದು ಸಮಾಧಾನ ಮಾಡಿಕೊಳ್ಳುವಾಗ ‘ಪಡಲ್’ ಅನ್ನೇ ಕ್ರಿಯಾಪದವಾಗಿ ಬಳಸುತ್ತಾಳೆ. ನೀರನ್ನು ಕದಡುವ ಮಾತು ಮನಸ್ಸಿಗೆ ಹತ್ತಿದ ಇನ್ನೊಂದು ಉದಾಹರಣೆ ‘ಮಡಲ್’. ‘ಮಡ್’ ಎಂದರೆ ಕೆಸರು, ನೀರನ್ನು ಕೆಸರಾಗಿಸುವುದು ‘ಮಡಲ್’. ಇಂದು ಅದಕ್ಕೆ ಗೊಂದಲವೆಂಬ ಅರ್ಥ ಮಾತ್ರ ಉಳಿದಿದೆ. ‘ಪಡಲ್’ನ ಆ ಮಾನಸಿಕ ಅರ್ಥ ಹೆಚ್ಚು ಕಾಲ ಬಾಳಲಿಲ್ಲ.

ನಮ್ಮ ಕಾಲದಲ್ಲಿ ಕೊಚ್ಚೆಗುಂಡಿಗೆ ತತ್ವಶಾಸ್ತ್ರದ ಗೌರವ ತಂದುಕೊಟ್ಟವನು ಹಾಸ್ಯಲೇಖಕ ಡಗ್ಲಸ್ ಆಡಮ್ಸ್. 1998ರಲ್ಲಿ ಕೇಂಬ್ರಿಜ್‌ನಲ್ಲಿ ಮಾತನಾಡುತ್ತ ಅವನು ಯೋಚಿಸಬಲ್ಲ ಒಂದು ‘ಪಡಲ್’ ಅನ್ನು ಕಲ್ಪಿಸಿದ. ಬೆಳಿಗ್ಗೆ ಎದ್ದು ನೋಡಿದರೆ ತಾನಿರುವ ಗುಂಡಿ ತನ್ನ ಮೈಗೆ ಎಷ್ಟು ಸರಿಯಾಗಿ ಹೊಂದಿದೆ! ಇದನ್ನು ತನಗೆಂದೇ ಮಾಡಿರಬೇಕು ಎಂದು ಅದು ಬೀಗುತ್ತದೆ, ಬಿಸಿಲೇರಿ ತಾನು ಕುಗ್ಗುತ್ತಿದ್ದರೂ ಅದಕ್ಕೆ ಅದೇ ಭರವಸೆ. ಜಗತ್ತು ಮನುಷ್ಯನಿಗೆಂದೇ ರಚಿತವಾಗಿದೆ ಎಂಬ ವಾದದ ಚರ್ಚೆಯಲ್ಲಿ ಈ ದೃಷ್ಟಾಂತ ಈಗ ತಪ್ಪದೆ ಬರುತ್ತದೆ. ಇದರ ಪಕ್ಕದಲ್ಲಿ, ಸಣ್ಣ ಊರುಗಳ ನಡುವೆ ಗಿಡ್ಡ ಹಾರಾಟ ನಡೆಸುವ ಪುಟ್ಟ ವಿಮಾನಗಳನ್ನು ಅಮೆರಿಕನ್ನರು ‘ಪಡಲ್ ಜಂಪರ್’ ಎಂದು ಗೇಲಿ ಮಾಡುವುದು ಸಾಧಾರಣ ವಿನೋದ. ಚಿಟ್ಟೆಗಳ ಅಧ್ಯಯನಕಾರರಿಗೆ ‘ಮಡ್ ಪಡ್ಲಿಂಗ್’ ಗಂಭೀರ ಪಾರಿಭಾಷಿಕ ಪದ. ಪಶ್ಚಿಮ ಘಟ್ಟದ ಹಳ್ಳದ ದಂಡೆಯಲ್ಲಿ, ಒದ್ದೆ ಮಣ್ಣಿನ ಮೇಲೆ ಹತ್ತಾರು ಚಿಟ್ಟೆಗಳು ಗುಂಪಾಗಿ ಕೂತಿರುವುದು ಬಾಯಾರಿಕೆಗಲ್ಲ. ಹೂವಿನ ಮಕರಂದದಲ್ಲಿ ಸಕ್ಕರೆ ಇದೆ, ಸೋಡಿಯಂ ತೀರ ಕಡಿಮೆ. ಅದನ್ನು ಅವು ಕೆಸರಿನಿಂದ ಹೀರುತ್ತವೆ. ಗುಂಪಿನಲ್ಲಿ ಇರುವವು ಹೆಚ್ಚಿನಂಶ ಗಂಡುಗಳು. ಕೂಡುವಾಗ ಈ ಲವಣಗಳನ್ನು ಅವು ಹೆಣ್ಣಿಗೆ ದಾಟಿಸುತ್ತವೆ, ಅಲ್ಲಿಂದ ಅದು ಮೊಟ್ಟೆಗೆ ಸೇರುತ್ತದೆ.

ಇವು ಹೆಚ್ಚಾಗಿ ನಾಮಪದದ ಸಂತಾನ. ಕ್ರಿಯಾಪದವಾದ ‘ಪಡಲ್’ಗೆ ನಿಂತ ನೀರಿನ ಹಂಗಿಲ್ಲ, ಅದರ ಅರ್ಥ ಮಣ್ಣು ನೀರು ಸೇರಿಸಿ ಕದಡುವುದು, ತುಳಿಯುವುದು. ಜಗತ್ತನ್ನು ಹೆಚ್ಚು ಬದಲಿಸಿದ್ದು ಈ ಅರ್ಥವೇ.

18ನೇ ಶತಮಾನದಲ್ಲಿ ಬ್ರಿಜ್‌ವಾಟರ್‌ನ ಡ್ಯೂಕ್ ತನ್ನ ವರ್ಸ್ಲಿ ಗಣಿಯ ಕಲ್ಲಿದ್ದಲನ್ನು ಮ್ಯಾಂಚೆಸ್ಟರಿಗೆ ದೋಣಿಯಲ್ಲಿ ಸಾಗಿಸಲು ಕಾಲುವೆ ಕಟ್ಟಿಸಿದ. ಅದರ ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿಗೆ ಓದುಬರಹ ಅಷ್ಟಕ್ಕಷ್ಟೆ. ಅಗೆದ ಕಾಲುವೆಯಲ್ಲಿ ನೀರು ಇಂಗದೆ ನಿಲ್ಲಬೇಕಲ್ಲ? ಬ್ರಿಂಡ್ಲಿಯ ಉಪಾಯ ಜೇಡಿ. ಜೇಡಿಮಣ್ಣಿಗೆ ಒಂದಿಷ್ಟು ಮರಳುಮಣ್ಣು, ನೀರು ಬೆರೆಸಿ, ಸಲಿಕೆಯಿಂದ ಕೊಚ್ಚಿ, ಕಾಲಿನಿಂದ ತುಳಿದು, ಪದರ ಪದರವಾಗಿ ತಳಕ್ಕೂ ಪಕ್ಕಕ್ಕೂ ಬಡಿಯುವುದು. ಹೀಗೆ ಮಾಡಿದಾಗ ಮಣ್ಣಿನ ಹೆಂಟೆಗಳ ನಡುವಿನ ಸಂದುಗಳು ಮುಚ್ಚಿ ಸೂಕ್ಷ್ಮಕಣಗಳು ಒತ್ತಾಗಿ ಕೂರುತ್ತವೆ, ನೀರು ಸೋರುವುದಿಲ್ಲ. ಇದಕ್ಕೆ ‘ಪಡ್ಲಿಂಗ್’ ಎಂದು ಹೆಸರಾಯಿತು. ಸಂಸತ್ತಿನ ಸಮಿತಿಯ ಸದಸ್ಯರಿಗೆ ನಂಬಿಕೆ ಬರಿಸಲು ಅವನು ಅವರ ಮುಂದೆಯೇ ಜೇಡಿ ತುಳಿದು ತೊಟ್ಟಿ ಮಾಡಿ ನೀರು ತುಂಬಿಸಿ ತೋರಿಸಿದನೆಂದು ಹೇಳುತ್ತಾರೆ. 1761ರಲ್ಲಿ ಕಾಲುವೆ ಬಳಕೆಗೆ ಬಂತು, ನದಿಯೊಂದರ ಮೇಲೆ ಕಲ್ಲಿನ ಸೇತುವೆಯಲ್ಲಿ ದೋಣಿಗಳು ತೇಲಿಹೋಗುವುದನ್ನು ನೋಡಲು ಜನ ಮುಗಿಬಿದ್ದರು. ಆ ಸೇತುವೆಯೊಳಗೆ ನೀರನ್ನು ಹಿಡಿದಿಟ್ಟದ್ದೂ ತುಳಿದ ಜೇಡಿಯೇ. ಮುಂದಿನ ಕಾಲುವೆಗಳಲ್ಲಿ ಈ ತುಳಿತಕ್ಕೆ ದನದ ಮಂದೆಗಳನ್ನು ಅಟ್ಟಿದ್ದೂ ಉಂಟು.

ಕಾಲುವೆಯಿಂದ ಪದ ಅಣೆಕಟ್ಟಿಗೆ ದಾಟಿತು. ಮಣ್ಣಿನ ಏರಿಯ ನಡುವೆ ತುಳಿದ ಜೇಡಿಯ ಗೋಡೆ ನಿಲ್ಲಿಸುವುದು 19ನೇ ಶತಮಾನದ ಬ್ರಿಟಿಷ್ ಎಂಜಿನಿಯರುಗಳ ರೂಢಿ. ಅದು ಸದಾ ಕೈಹಿಡಿಯಲಿಲ್ಲ: ಶೆಫೀಲ್ಡ್ ಬಳಿಯ ಡೇಲ್ ಡೈಕ್ ಅಣೆಕಟ್ಟಿಗೆ ಅಂಥ ಗೋಡೆ ಇದ್ದರೂ 1864ರ ಮಾರ್ಚ್ 11ರ ರಾತ್ರಿ, ಮೊದಲ ಬಾರಿ ತುಂಬುತ್ತಿದ್ದಾಗಲೇ ಒಡೆದು, ಸುಮಾರು 240 ಜನ ಕೊಚ್ಚಿಹೋದರು.

ಕಬ್ಬಿಣಕ್ಕೆ ಈ ಪದ ಅಂಟಿದ್ದು 1784ರಲ್ಲಿ ಹೆನ್ರಿ ಕಾರ್ಟ್ ಪೇಟೆಂಟ್ ಪಡೆದ ವಿಧಾನದಿಂದ. ಊದುಕುಲುಮೆಯಿಂದ ಬರುವ ಬೀಡುಕಬ್ಬಿಣದಲ್ಲಿ ಇಂಗಾಲ ಹೆಚ್ಚು, ಸುತ್ತಿಗೆಯ ಪೆಟ್ಟಿಗೆ ಅದು ಒಡೆಯುತ್ತದೆ. ಕಾರ್ಟ್ ಅದನ್ನು ಜ್ವಾಲೆ ಮಾತ್ರ ತಾಕುವ, ಕಲ್ಲಿದ್ದಲು ತಾಕದ ಕುಲುಮೆಯಲ್ಲಿ ಕರಗಿಸಿ, ಉದ್ದನೆಯ ಸರಳಿನಿಂದ ಕದಡಿಸಿದ. ಕದಡಿದಂತೆ ಇಂಗಾಲ ಉರಿದು ಹೋಗುತ್ತದೆ. ಬೀಡು ಸುಮಾರು 1,200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ಶುದ್ಧ ಕಬ್ಬಿಣ ಕರಗಲು 1,538 ಡಿಗ್ರಿ ಬೇಕು. ಹಾಗಾಗಿ ಕುಲುಮೆಯ ಕಾವು ಅಷ್ಟೇ ಇದ್ದರೂ ಒಳಗಿನ ದ್ರವ ಮೆಲ್ಲಗೆ ಗಟ್ಟಿಯಾಗುತ್ತ ಮುದ್ದೆ ತಿರುವಿದ ಹದಕ್ಕೆ ಬರುತ್ತದೆ. ಅದನ್ನು ಉಂಡೆಗಳಾಗಿ ಎಳೆದು, ಬಡಿದು, ಉರುಳೆಗಳ ನಡುವೆ ತೂರಿಸಿದರೆ ಮೆದುಕಬ್ಬಿಣದ ಪಟ್ಟಿ. ಈ ಕೆಲಸದವನೇ ‘ಪಡ್ಲರ್’. ಉರಿಯ ಬಾಯಲ್ಲಿ ನಿಂತು, ಬಣ್ಣ ನೋಡಿ, ಸರಳಿಗೆ ಸಿಗುವ ಬಿಗಿಯಿಂದ ಹದ ತಿಳಿಯಬೇಕು. ಅವನ ಕೈಚಳಕವನ್ನು ಯಂತ್ರಕ್ಕೆ ಕಲಿಸಲು ನಡೆದ ಪ್ರಯತ್ನಗಳು ಹೆಚ್ಚು ಫಲಿಸಲಿಲ್ಲ, ಹೀಗಾಗಿ ಪಡ್ಲರುಗಳು ಕಾರ್ಖಾನೆಯಲ್ಲಿ ಒಳ್ಳೆಯ ಕೂಲಿಯ, ಸಂಘಬಲದ ಕುಶಲಕರ್ಮಿಗಳಾಗಿ ಉಳಿದರು. ಅಮೆರಿಕದ ಕಾರ್ಮಿಕ ಮಂತ್ರಿಯಾಗಿದ್ದ ಜೇಮ್ಸ್ ಜೆ. ಡೇವಿಸ್ ಹುಡುಗನಾಗಿದ್ದಾಗ ಪಡ್ಲರ್; 1922ರಲ್ಲಿ ಹೊರಬಂದ ತನ್ನ ಆತ್ಮಕಥೆಗೂ ಅದೇ ಹೆಸರಿಟ್ಟ. ಕಾರ್ಟ್‌ಗೆ ಮಾತ್ರ ಲಾಭ ದಕ್ಕಲಿಲ್ಲ. ಪಾಲುದಾರನ ತಂದೆ ವ್ಯವಹಾರಕ್ಕೆ ಹಾಕಿದ ಹಣ ನೌಕಾಪಡೆಯ ಬೊಕ್ಕಸದ್ದೆಂದು ಬಯಲಾಗಿ, ಪೇಟೆಂಟುಗಳು ಸರಕಾರದ ವಶವಾದವು, ಅವನು ದಿವಾಳಿಯಾಗಿ 1800ರಲ್ಲಿ ತೀರಿಕೊಂಡ. 1856ರಲ್ಲಿ ಬೆಸೆಮರ್ ಉಕ್ಕಿನ ವಿಧಾನ ಬಂದ ಮೇಲೂ ಈ ಕಬ್ಬಿಣ ಕೂಡಲೇ ಮರೆಯಾಗಲಿಲ್ಲ. 1889ರಲ್ಲಿ ಪೂರ್ಣಗೊಂಡ ಐಫೆಲ್ ಗೋಪುರದ ಸುಮಾರು 7,300 ಟನ್ ಲೋಹ ಉಕ್ಕಲ್ಲ, ಲೊರೇನ್ ಪ್ರಾಂತದಲ್ಲಿ ತಯಾರಾದ ‘ಪಡಲ್’ ಕಬ್ಬಿಣ. ಫ್ರೆಂಚರು ಆ ಪದವನ್ನೂ ಇಂಗ್ಲಿಷಿನಿಂದಲೇ ಎರವಲು ಪಡೆದರು.

ಕರ್ನಾಟಕದ ರೈತರಿಗೆ ‘ಪಡ್ಲಿಂಗ್’ ಪರಿಚಯವಾದದ್ದು ಕೃಷಿ ಇಲಾಖೆಯ ಕರಪತ್ರಗಳಿಂದ, ಕೆಲಸ ಮಾತ್ರ ಅವರಿಗೆ ಬಹು ಹಳೆಯದು. ನಾಟಿಗೆ ಮುಂಚೆ ಗದ್ದೆಗೆ ನೀರು ಕಟ್ಟಿ, ಮತ್ತೆ ಮತ್ತೆ ಉತ್ತು, ಹಲಗೆ ಹೊಡೆದು ಕೆಸರು ಮಾಡುವುದು ಬ್ರಿಂಡ್ಲಿ ಕಾಲುವೆಯ ತಳದಲ್ಲಿ ಮಾಡಿಸಿದ ಕೆಲಸವೇ. ಮಣ್ಣಿನ ಹೆಂಟೆ ಒಡೆದು ಸಂದುಗಳು ಮುಚ್ಚಿ ನೀರು ಕೆಳಗಿಳಿಯುವುದು ತಗ್ಗುತ್ತದೆ, ಕಳೆ ಹೂತುಹೋಗುತ್ತದೆ, ಎಳೆಯ ಸಸಿ ಸುಲಭವಾಗಿ ಊರುತ್ತದೆ. ಎತ್ತುಗಳ ಜಾಗಕ್ಕೆ ಈಗ ಕಬ್ಬಿಣದ ಪಂಜರಗಾಲಿ ಕಟ್ಟಿದ ಟ್ರ್ಯಾಕ್ಟರೂ ‘ಪಡ್ಲರ್’ ಎಂದೇ ಮಾರಾಟವಾಗುವ ಸಲಕರಣೆಯೂ ಬಂದಿವೆ. ಕಾಲುವೆಗೆ ಗುಣವಾದದ್ದು ಗದ್ದೆಗೆ ಪೂರ್ತಿ ಗುಣವಲ್ಲ. ವರ್ಷವರ್ಷವೂ ಕೆಸರು ಮಾಡಿದ ನೆಲದಡಿ ಗಟ್ಟಿ ಪದರ ಕಟ್ಟಿಕೊಂಡು, ಭತ್ತದ ನಂತರ ಬಿತ್ತುವ ಕಾಳಿನ ಬೆಳೆಗೆ ಬೇರಿಳಿಸಲು ಕಷ್ಟವಾಗುತ್ತದೆ, ನೀರೂ ಡೀಸೆಲ್ಲೂ ಕೂಲಿಯೂ ಬಹಳ ಬೇಕು. ಅದಕ್ಕೆ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಕೃಷಿ ವಿಜ್ಞಾನಿಗಳು ಕೂರಿಗೆಯಿಂದ ಒಣನೆಲಕ್ಕೇ ಭತ್ತ ಬಿತ್ತುವ ಪದ್ಧತಿಯನ್ನು ಪ್ರಚಾರ ಮಾಡುತ್ತಿದ್ದಾರೆ. ಅಲ್ಲಿ ‘ಪಡ್ಲಿಂಗ್’ ಬೇಕಾಗುವುದಿಲ್ಲ. ಬದಲಿಗೆ, ಕೆಸರು ಹೂತುಹಾಕುತ್ತಿದ್ದ ಕಳೆಯನ್ನು ರೈತ ಬೇರೆ ದಾರಿಯಿಂದ ಹದ್ದುಬಸ್ತಿಗೆ ತರಬೇಕಾಗುತ್ತದೆ.